ಮ್ಯಾಗ್ಡಲೀನ್ ಲಾಂಡ್ರಿಗಳಿಂದ ಅವರೇಕೆ ಓಡಿಹೋಗಲಿಲ್ಲ?

ಮ್ಯಾಗ್ಡಲೀನ್ ಲಾಂಡ್ರಿಗಳೆಂದರೆ ಐರ್ಲೆಂಡಿನಲ್ಲಿ ಕ್ಯಾಥೊಲಿಕ್ ಸನ್ಯಾಸಿನಿಯರು ಹೆಂಗಸರನ್ನು ಇರಿಸಿಕೊಂಡು ಬಟ್ಟೆ ಒಗೆಸುತ್ತಿದ್ದ ಮಠಗಳು. ಆ ಹೆಂಗಸರು ಕೈದಿಗಳಲ್ಲವಲ್ಲ, ಎದ್ದು ಹೊರಟುಬಿಡಬಹುದಿತ್ತಲ್ಲ ಎಂದು ಕೇಳಿದ್ದೀರಿ. ಓಡಿಹೋದವರಿದ್ದಾರೆ. ಎಷ್ಟೋ ಸಲ ಪೊಲೀಸರೇ ಹಿಡಿದು ತಂದು ಒಳಗೆ ಬಿಟ್ಟರು. ತಪ್ಪಿಸಿಕೊಂಡರೂ ಹೋಗುವುದೆಲ್ಲಿಗೆ? ಮಾನಕ್ಕೆ ಅಂಜಿ ಮನೆಯವರೇ ತಂದು ಬಿಟ್ಟುಹೋದ ಹುಡುಗಿಯರು ಅಲ್ಲಿದ್ದರು. ಕೈಯಲ್ಲಿ ಕಾಸಿಲ್ಲ, ಏಕೆಂದರೆ ಕೂಲಿಯೇ ಇಲ್ಲ. ಹೋಟೆಲುಗಳ, ಆಸ್ಪತ್ರೆಗಳ ಹೊದಿಕೆಗಳನ್ನು ದಿನವಿಡೀ ಒಗೆದು ಇಸ್ತ್ರಿ ಮಾಡಿದರೂ ಆ ಹಣ ಮಠದ ಸನ್ಯಾಸಿನಿಯರಿಗೆ. ಅನೇಕರಿಗೆ ಒಳಗೆ ಕಾಲಿಟ್ಟ ಕೂಡಲೇ ಬೇರೆ ಹೆಸರಿಡುತ್ತಿದ್ದರು. ಹುಡುಕಿಕೊಂಡು ಬಂದವರು ಯಾವ ಹೆಸರು ಹಿಡಿದು ಕೇಳಬೇಕು ಹೇಳಿ!

ಎಲ್ಲವನ್ನೂ ಚರ್ಚಿನ ತಲೆಗೆ ಕಟ್ಟುವುದನ್ನು ಮಾತ್ರ ನಾನು ಒಪ್ಪುವುದಿಲ್ಲ. 1922ರಿಂದ ಒಳಹೋದ ಸುಮಾರು 10,000 ಮಂದಿಯಲ್ಲಿ, ಕಳಿಸಿದವರು ಯಾರೆಂದು ಗೊತ್ತಿರುವ ಪ್ರಕರಣಗಳ ಕಾಲುಭಾಗಕ್ಕೂ ಹೆಚ್ಚಿನವು ಸರ್ಕಾರದ ಕಡೆಯಿಂದಲೇ ಬಂದವು ಎಂದು 2013ರ ಸರ್ಕಾರಿ ವರದಿ ಹೇಳಿತು. ಆಗ ಪ್ರಧಾನಿ ಎಂಡಾ ಕೆನಿ ಸಂಸತ್ತಿನಲ್ಲಿ ಕ್ಷಮೆ ಕೇಳಿದರು.

ಸತ್ತ ಮೇಲಾದರೂ ಲೆಕ್ಕ ಸರಿಯಿತ್ತೇ? ಡಬ್ಲಿನ್‌ನ ಹೈ ಪಾರ್ಕ್‌ನಲ್ಲಿ ಇದ್ದ ಇಂಥದೊಂದು ಲಾಂಡ್ರಿಯ ಸನ್ಯಾಸಿನಿಯರು 1993ರಲ್ಲಿ ಜಾಗ ಮಾರಲು, ಅಲ್ಲಿ ಸತ್ತ ಹೆಂಗಸರ ಸಮಾಧಿಗಳನ್ನು ಅಗೆಸಿದರು. ಅನುಮತಿ ಪಡೆದದ್ದು 133 ಶವಗಳಿಗೆ, ಸಿಕ್ಕಿದ್ದು 155. ಕೊನೆಯ ಲಾಂಡ್ರಿ ಮುಚ್ಚಿದ್ದು ಅದಾಗಿ ಮೂರು ವರ್ಷಕ್ಕೆ, 1996ರಲ್ಲಿ.