ಮಾರ್ಗರೊಸನೈಟ್: ನೀಲಿ ಹೊಳೆದರೆ ಸಾಕೇ?

ಪ್ರಶ್ನೆ: ನನ್ನ ಸಂಗ್ರಹದಲ್ಲಿ ಪದರಪದರವಾಗಿ ಸೀಳುವ ಬಿಳಿ ಖನಿಜವೊಂದಿದೆ. ಚೀಟಿಯ ಮೇಲೆ ‘ಮಾರ್ಗರೊಸನೈಟ್, ಫ್ರಾಂಕ್ಲಿನ್, ನ್ಯೂಜೆರ್ಸಿ’ ಎಂದಿದೆ. ನೇರಳಾತೀತ ದೀಪದ ಕೆಳಗೆ ತಿಳಿನೀಲಿಯಾಗಿ ಹೊಳೆಯುತ್ತದೆ. ಚೀಟಿಯನ್ನು ನಂಬಬಹುದೇ?

ಉತ್ತರ: ಹೊಳಪೊಂದನ್ನೇ ನೋಡಿ ನಂಬಬೇಡಿ. ಮೊದಲು ದೀಪವನ್ನೇ ಪರೀಕ್ಷಿಸಿ. ಸೀಸ ಕ್ಯಾಲ್ಸಿಯಂ ಸಿಲಿಕೇಟ್ ಆದ ಮಾರ್ಗರೊಸನೈಟ್ ಚೆನ್ನಾಗಿ ಬೆಳಗುವುದು 254 ನ್ಯಾನೊಮೀಟರಿನ ಕಿರುತರಂಗ ನೇರಳಾತೀತದಲ್ಲಿ. ಅದರ ನೀಲಿಗೆ ಖನಿಜದಲ್ಲಿರುವ ಸೀಸವೇ ಕಾರಣ. ಕೆಲವು ತುಂಡುಗಳಲ್ಲಿ ಅಲ್ಲಲ್ಲಿ ಗುಲಾಬಿ, ಕಿತ್ತಳೆ ಛಾಯೆ ಬರುವುದು ಮ್ಯಾಂಗನೀಸ್‌ನಿಂದ. ದೀಪದ ಶೋಧಕ ಹಳೆಯದಾಗಿದ್ದರೆ ಒಳಗಿನ ನೇರಳೆ ಬೆಳಕು ಸೋರಿ, ಬಿಳಿಯ ಕಲ್ಲೆಲ್ಲ ನೀಲಿಯಾಗಿ ಕಾಣುತ್ತದೆ. ಇದನ್ನು ಪತ್ತೆಹಚ್ಚುವುದು ಸುಲಭ: ದೀಪಕ್ಕೂ ಕಲ್ಲಿಗೂ ನಡುವೆ ಸಾಧಾರಣ ಕಿಟಕಿಗಾಜಿನ ತುಂಡು ಹಿಡಿಯಿರಿ. ಗಾಜು ಕಿರುತರಂಗವನ್ನು ತಡೆದು ಕಣ್ಣಿಗೆ ಕಾಣುವ ಬೆಳಕನ್ನು ಬಿಡುತ್ತದೆ. ಹೊಳಪು ಥಟ್ಟನೆ ಆರಿದರೆ ಅದು ಕಲ್ಲಿನದು. ಉಳಿದದ್ದರಲ್ಲಿ ಬಹುಪಾಲು ದೀಪದ ಸೋರಿಕೆ. (ಗಾಜಿನ ಕಪಾಟಿನೊಳಗಿಟ್ಟ ಮಾದರಿಗೆ ಹೊರಗಿನಿಂದ ದೀಪ ಹಿಡಿದು ‘ಹೊಳೆಯುವುದೇ ಇಲ್ಲ’ ಎಂದು ದೂರುವವರೂ ಇದ್ದಾರೆ. ಕಾರಣ ಇದೇ.) ಬಟ್ಟೆಯ ನೂಲು, ಅಂಟು, ಮೆರುಗೆಣ್ಣೆ ಕೂಡ ನೀಲಿ ಬಿಳಿಯಾಗಿ ಬೆಳಗುತ್ತವೆ, ಮುರಿದು ಅಂಟಿಸಿದ ಮಾದರಿಯಾದರೆ ಬಿರುಕಿನ ಗೆರೆಯುದ್ದಕ್ಕೂ ಹೊಳಪು ಓಡುತ್ತದೆ. ಕಿರುತರಂಗ ಕಣ್ಣಿನ ಪಾರದರ್ಶಕ ಪಟಲವನ್ನು ಸುಡುತ್ತದೆ, ಆದ್ದರಿಂದ ನೇರಳಾತೀತವನ್ನು ತಡೆಯುವ ಕನ್ನಡಕವಿಲ್ಲದೆ ನೋಡಬೇಡಿ.

ಇನ್ನು ನೀಲಿಯಾಗಿ ಬೆಳಗುವ ನೆಂಟರ ವಿಷಯ. ಫ್ರಾಂಕ್ಲಿನ್‌ನದೇ ಹಾರ್ಡಿಸ್ಟೊನೈಟ್ ನೇರಳೆ ಬೆರೆತ ನೀಲಿ ಕೊಡುತ್ತದೆ, ಅದರಲ್ಲಿ ಮುತ್ತಿನ ಹೊಳಪಿನ ಹಾಳೆಗಳಿಲ್ಲ. ಹೈಡ್ರೊಜಿಂಕೈಟ್ ಕಾರ್ಬೊನೇಟ್ ಆದ್ದರಿಂದ ಆಮ್ಲ ತಾಗಿದರೆ ನೊರೆಗುಟ್ಟುತ್ತದೆ. ಹೆಚ್ಚು ಮೋಸ ಮಾಡುವುದು ಬೆರೈಟ್: ಅದೂ ಬಿಳಿ, ಅದೂ ಭಾರ, ಅದೂ ಮುತ್ತಿನಂತೆ ಮಿನುಗುತ್ತದೆ. ಆದರೆ ಅಲ್ಲಿನ ಬೆರೈಟ್ ಸಾಮಾನ್ಯವಾಗಿ ಕೆನೆಬಣ್ಣದಲ್ಲಿ ಬೆಳಗುತ್ತದೆ, ಆಮ್ಲಕ್ಕೆ ಜಗ್ಗುವುದಿಲ್ಲ.

ಪ್ರಶ್ನೆ: ಸೀಸ ಇದೆಯೋ ಇಲ್ಲವೋ ಎಂದು ಶಾಲಾ ಪ್ರಯೋಗಾಲಯದಲ್ಲಿ ನೋಡಬಹುದೇ?

ಉತ್ತರ: ನೋಡಬಹುದು. ಸಾಸಿವೆ ಕಾಳಿನಷ್ಟು ಚೂರು ಸಾಕು. ದೂಳು ಏಳದಂತೆ ಒಂದು ಹನಿ ನೀರಿನಲ್ಲಿ ನೆನೆಸಿ ಅರೆದು, ಪ್ರನಾಳಕ್ಕೆ ಹಾಕಿ, ಸುಮಾರು 1 ಮಿಲಿಲೀಟರ್ ದುರ್ಬಲ ನೈಟ್ರಿಕ್ ಆಮ್ಲ (ಒಂದು ಪಾಲು ಪ್ರಬಲ ಆಮ್ಲಕ್ಕೆ ನಾಲ್ಕು ಪಾಲು ನೀರು, ಆಮ್ಲವನ್ನೇ ನೀರಿಗೆ ಹಾಕಬೇಕು) ಸೇರಿಸಿ ಬೆಚ್ಚಗೆ ಮಾಡಿ. ಸೀಸ, ಕ್ಯಾಲ್ಸಿಯಂ ಕರಗಿ ಸಿಲಿಕಾ ಉಳಿಯುತ್ತದೆ. ತಿಳಿಯನ್ನು ಬಸಿದು, ನೀರು ಹಾಕಿ 5 ಮಿಲಿಲೀಟರ್ ಮಾಡಿ, ತಣಿದ ಮೇಲೆ ಶೇ. 5ರ ಪೊಟ್ಯಾಸಿಯಂ ಅಯೋಡೈಡ್ ದ್ರಾವಣವನ್ನು ಹನಿಹನಿಯಾಗಿ ಬಿಡಿ. ಸೀಸವಿದ್ದರೆ ಅಚ್ಚ ಹಳದಿ ಗಷ್ಟು ಕೂಡಲೇ ಬೀಳುತ್ತದೆ.

ಇಲ್ಲಿ ಎಡವುವುದು ಆಮ್ಲದ ಪ್ರಮಾಣದಲ್ಲಿ. ಆಮ್ಲ ಹೆಚ್ಚಾದರೆ ಅಯೋಡೈಡ್‌ನಿಂದ ಅಯೋಡಿನ್ ಬಿಡುಗಡೆಯಾಗಿ ದ್ರಾವಣ ಹಳದಿ ಕಂದಾಗುತ್ತದೆ. ಅದನ್ನೇ ಸೀಸವೆಂದು ಭ್ರಮಿಸುವುದುಂಟು. ಬೇರ್ಪಡಿಸುವ ದಾರಿ ಹೀಗೆ: ಪ್ರನಾಳವನ್ನು ಕುದಿನೀರಿನಲ್ಲಿ ಇಡಿ. ಸೀಸದ ಅಯೋಡೈಡ್ ಬಿಸಿಗೆ ಕರಗಿ ಬಣ್ಣ ಕಳೆದುಕೊಳ್ಳುತ್ತದೆ, ನಿಧಾನವಾಗಿ ತಣಿದಾಗ ಚಿನ್ನದ ರೇಕಿನಂಥ ಹರಳುಗಳು ಇಳಿಯುತ್ತವೆ. ಪೂರ್ತಿ ಕರಗದಿದ್ದರೆ ಇನ್ನಷ್ಟು ನೀರು ಬೆರೆಸಿ ಮತ್ತೆ ಕಾಯಿಸಿ. ಅಯೋಡಿನ್‌ಗೆ ಈ ಆಟ ಬರುವುದಿಲ್ಲ. ಚೂರನ್ನು ಕರಗಿಸಲು ಹೈಡ್ರೊಕ್ಲೋರಿಕ್ ಆಮ್ಲ ಬಳಸಬೇಡಿ, ಸೀಸದ ಕ್ಲೋರೈಡ್ ಬಿಳಿಯಾಗಿ ಕೂತು ಲೆಕ್ಕ ಕೆಡಿಸುತ್ತದೆ.

ಸೀಸ ಸಿಕ್ಕಿತೆಂದರೆ ಬೆರೈಟ್, ಹಾರ್ಡಿಸ್ಟೊನೈಟ್ ಹೊರಗಾದವು, ಅಷ್ಟೆ. ನ್ಯಾಸೊನೈಟ್ ಕೂಡ ಸೀಸ ಕ್ಯಾಲ್ಸಿಯಂ ಸಿಲಿಕೇಟೇ. ಅದರಲ್ಲಿ ಕ್ಲೋರಿನ್ ಇರುವುದರಿಂದ, ಅಯೋಡೈಡ್ ಹಾಕುವ ಮೊದಲೇ ಬೇರೆ ತೆಗೆದಿಟ್ಟ ನೈಟ್ರಿಕ್ ತಿಳಿಗೆ ಸಿಲ್ವರ್ ನೈಟ್ರೇಟ್ ಬಿಟ್ಟರೆ ಬಿಳಿ ಗಷ್ಟು ಬರುತ್ತದೆ. ನಲ್ಲಿನೀರಿನಲ್ಲೂ ಕ್ಲೋರೈಡ್ ಇರುತ್ತದೆ, ಆದ್ದರಿಂದ ಎಲ್ಲದಕ್ಕೂ ಭಟ್ಟಿ ಇಳಿಸಿದ ನೀರೇ ಆಗಬೇಕು. ಸೀಸವಿರುವ ಇನ್ನೊಂದು ಖನಿಜ ರೋಬ್ಲಿಂಗೈಟ್ ಪಿಂಗಾಣಿಯಂತೆ ಒತ್ತಾದ ಬಿಳಿ ಗಡ್ಡೆ, ಹಾಳೆಯಾಗಿ ಸೀಳಿದಂತೆ ಕಾಣುವುದಿಲ್ಲ. ಕೊನೆಯ ಮಾತು ಎಕ್ಸ್‌-ಕಿರಣ ವಿವರ್ತನೆಯದು. ಅದಕ್ಕೆ ಕೆಲವೇ ಮಿಲಿಗ್ರಾಂ ಪುಡಿ ಸಾಕು. ಸೀಸದ ತ್ಯಾಜ್ಯವನ್ನು ಚರಂಡಿಗೆ ಸುರಿಯದೆ ಮುಚ್ಚಿದ ಬಾಟಲಿಯಲ್ಲಿ ಸಂಗ್ರಹಿಸಿಡಿ.

ಪ್ರಶ್ನೆ: ಸಾಂದ್ರತೆ ಅಳೆದರೆ 3.4 ಬಂತು. ಪುಸ್ತಕದಲ್ಲಿ 4.3ರ ಆಸುಪಾಸು ಎಂದಿದೆ. ನನ್ನದು ನಕಲಿಯೇ?

ಉತ್ತರ: ಇರಲಿಕ್ಕಿಲ್ಲ. ನೀವು ತೂಗಿದ್ದು ಖನಿಜವನ್ನಲ್ಲ, ಕಲ್ಲನ್ನು. ಜೊತೆಗಿರುವುದು ಕ್ಯಾಲ್ಸೈಟ್ (2.7) ಮಾತ್ರ ಎಂದುಕೊಂಡರೆ, 3.4 ಬರಲು ಗಾತ್ರದಲ್ಲಿ ಶೇ. 44ರಷ್ಟು ಮಾರ್ಗರೊಸನೈಟ್ ಇದ್ದರೆ ಸಾಕು. ಹಾಳೆಗಳ ನಡುವೆ ಸಿಕ್ಕಿಕೊಂಡ ಗಾಳಿಯೂ ಅಂಕೆಯನ್ನು ಇಳಿಸುತ್ತದೆ. ಕುದಿಸಿ ಆರಿಸಿದ ನೀರಿಗೆ ಒಂದು ಹನಿ ಸಾಬೂನು ದ್ರಾವಣ ಹಾಕಿ, ಗುಳ್ಳೆಗಳನ್ನು ಕುಂಚದಿಂದ ಸವರಿ ತೆಗೆಯಿರಿ. ಶುದ್ಧ ಚೂರನ್ನೇ ಆರಿಸಿ, ಆದರೆ ತೀರಾ ಚಿಕ್ಕದು ಬೇಡ. 0.01 ಗ್ರಾಂ ತೋರಿಸುವ ತಕ್ಕಡಿಯಲ್ಲಿ 2 ಗ್ರಾಂ ಚೂರು ನೀರಿನಲ್ಲಿ ಕಳೆದುಕೊಳ್ಳುವ ತೂಕ ಸುಮಾರು 0.47 ಗ್ರಾಂ. 0.01ರ ತಪ್ಪು ಇಲ್ಲಿ ಶೇ. 2 ಅಷ್ಟೆ. 0.2 ಗ್ರಾಂ ಚೂರಿಗಾದರೆ ಅದೇ ತಪ್ಪು ಶೇ. 20 ದಾಟುತ್ತದೆ, ಆ ಅಳತೆಗೆ ಅರ್ಥವಿಲ್ಲ.

ಪ್ರಶ್ನೆ: ಸೀಸ ಸಾಮಾನ್ಯ ಲೋಹ, ಕ್ಯಾಲ್ಸಿಯಂ ಮತ್ತು ಸಿಲಿಕಾ ಎಲ್ಲೆಲ್ಲೂ ಇವೆ. ಈ ಖನಿಜ ಮಾತ್ರ ಏಕೆ ಅಪರೂಪ?

ಉತ್ತರ: ಗಂಧಕದಿಂದಾಗಿ. ಭೂಮಿಯೊಳಗೆ ಸೀಸಕ್ಕೆ ಗಂಧಕ ಸಿಕ್ಕಿದರೆ ಗೆಲೀನ (ಸೀಸದ ಸಲ್ಫೈಡ್) ಆಗಿಬಿಡುತ್ತದೆ, ಸಿಲಿಕೇಟಿನತ್ತ ತಿರುಗಿಯೂ ನೋಡುವುದಿಲ್ಲ. ಗಂಧಕ ತೀರಾ ಕಡಿಮೆ, ಆಮ್ಲಜನಕ ಧಾರಾಳ, ಪಕ್ಕದಲ್ಲಿ ಸುಣ್ಣದ ಶಿಲೆ, ಮೇಲೆ ರೂಪಾಂತರದ ಶಾಖ — ಇಷ್ಟೂ ಕೂಡಿಬಂದ ಜಾಗಗಳು ಬೆರಳೆಣಿಕೆ. ಅಮೃತಶಿಲೆಯೊಳಗೆ ಸತು, ಕಬ್ಬಿಣ, ಮ್ಯಾಂಗನೀಸ್ ಅದಿರು ಹುದುಗಿದ ಫ್ರಾಂಕ್ಲಿನ್ ಒಂದು. ಡಾಲಮೈಟಿನಲ್ಲಿ ಕಬ್ಬಿಣ, ಮ್ಯಾಂಗನೀಸ್ ಅದಿರಿರುವ ಸ್ವೀಡನ್ನಿನ ಲಾಂಗ್‌ಬಾನ್ ಇನ್ನೊಂದು. ಅದರ ಹತ್ತಿರದ ಯಾಕೋಬ್ಸ್‌ಬರ್ಗ್‌ನಲ್ಲೂ ದೊರೆತಿದೆ. ನ್ಯಾಸೊನೈಟ್ ಗುರುತಿಸಿದ್ದೂ ಫ್ರಾಂಕ್ಲಿನ್‌ನಲ್ಲೇ, ಇನ್ನೊಂದು ಸೀಸದ ಸಿಲಿಕೇಟ್ ಗ್ಯಾನೊಮಲೈಟ್ ಲಾಂಗ್‌ಬಾನ್‌ನದು. ಫ್ರಾಂಕ್ಲಿನ್ ಗಣಿ 1954ರಲ್ಲಿ, ಲಾಂಗ್‌ಬಾನ್ 1972ರಲ್ಲಿ ಮುಚ್ಚಿದವು. ಹಾಗಾಗಿ ಕೈಬದಲಾಗುವ ಮಾದರಿಗಳು ಬಹುಪಾಲು ಹಳೆಯ ಸಂಗ್ರಹಗಳವು. ಹಳೆಯ ಚೀಟಿಯನ್ನು ಎಸೆಯಬೇಡಿ.

ಪ್ರಶ್ನೆ: ಹೆಸರಿನ ಅರ್ಥವೇನು? ಸಂಯೋಜನೆ?

ಉತ್ತರ: ಗ್ರೀಕ್‌ನಲ್ಲಿ ‘ಮುತ್ತು’ ಮತ್ತು ‘ಹಲಗೆ’. ಫೋರ್ಡ್ ಮತ್ತು ಬ್ರಾಡ್ಲಿ 1916ರಲ್ಲಿ ವರ್ಣಿಸಿದರು. ಆದರ್ಶ ಸೂತ್ರದಂತೆ ತೂಕದಲ್ಲಿ ಸೀಸದ ಆಕ್ಸೈಡ್ ಶೇ. 43.3, ಸುಣ್ಣ 21.8, ಸಿಲಿಕಾ 35. ಅಂದರೆ ಒಂದು ಸೀಸ, ಎರಡು ಕ್ಯಾಲ್ಸಿಯಂ, ಮೂರು ಸಿಲಿಕಾನ್, ಒಂಬತ್ತು ಆಮ್ಲಜನಕ. ಈ ಅನುಪಾತ ನೋಡಿ ವೊಲಾಸ್ಟೊನೈಟ್ ಗುಂಪಿಗೆ ಸೇರಿಸಬೇಡಿ: ಅಲ್ಲಿ ಸಿಲಿಕೇಟ್ ಸರಪಳಿ, ಇಲ್ಲಿ ಮೂರರ ಉಂಗುರ. ಸೀಸದ ಜಾಗದಲ್ಲಿ ಬೇರಿಯಂ ಇಟ್ಟರೆ ವಾಲ್‌ಸ್ಟ್ರೊಮೈಟ್. ಬರೀ ಕ್ಯಾಲ್ಸಿಯಂ ತುಂಬಿದ ಇದೇ ಕಟ್ಟಿನ ಬ್ರೇಯೈಟ್ ಸಿಕ್ಕಿರುವುದು ಬಹಳ ಆಳದಿಂದ ಬಂದ ವಜ್ರಗಳ ಒಳಗೆ.

ಪ್ರಶ್ನೆ: ಮನೆಯಲ್ಲಿಟ್ಟರೆ ಅಪಾಯವೇ? ತೊಳೆಯುವುದು ಹೇಗೆ?

ಉತ್ತರ: ಮುಟ್ಟಿದರೆ ಏನಾಗದು, ದೂಳು ಒಳಹೋದರೆ ಆಗುತ್ತದೆ. ಒಣಗಿದ್ದಾಗ ಕೊರೆಯಬೇಡಿ, ಉಜ್ಜಬೇಡಿ. ಮುಟ್ಟಿದ ಮೇಲೆ ಕೈ ತೊಳೆಯಿರಿ. ಮಕ್ಕಳ ಕೈಗೆ ಎಟುಕದಂತಿಡಿ. ತೊಳೆಯಲು ಭಟ್ಟಿ ಇಳಿಸಿದ ನೀರು, ಮೆತ್ತನೆಯ ಕುಂಚ ಇಷ್ಟೇ. ಆಮ್ಲ ಮೇಲ್ಮೈಯನ್ನೇ ತಿನ್ನುತ್ತದೆ, ವಿನಿಗರ್ ಕೂಡ ಬೇಡ. ಗಡಸುತನ 2.5ರಿಂದ 3, ತಾಮ್ರದ ನಾಣ್ಯಕ್ಕೂ ಗೀರು ಬೀಳಬಹುದು. ಶ್ರವಣಾತೀತ ಶುಚಿಯಂತ್ರದಲ್ಲಿ ಹಾಕಿದರೆ ಸೀಳುಗಳ ಉದ್ದಕ್ಕೂ ಬಿಚ್ಚಿಕೊಂಡು ತಳದಲ್ಲಿ ಹೊಪ್ಪಳೆ ಮಾತ್ರ ಸಿಗುತ್ತದೆ.