ನಿಶ್ಚಿತಾರ್ಥದ ಉಂಗುರದ ಕಲ್ಲು ಅಲ್ಲಾಡುತ್ತಿದ್ದರೆ

ಉಂಗುರದ ಕಲ್ಲನ್ನು ಹಿಡಿದಿರುವ ಒಂದು ಕೊಕ್ಕೆ ಎದ್ದಿದೆ, ಕಲ್ಲು ಅಲ್ಲಾಡುತ್ತಿದೆ, ಯಾರ ಕೈಗೆ ಕೊಡಲಿ ಅಂತ ಕೇಳಿದ್ದೀರಿ. ಮೊದಲು ಉಂಗುರವನ್ನು ಬೆರಳಿಂದ ತೆಗೆದು ಜಿಪ್ ಇರುವ ಪುಟ್ಟ ಕವರಿನಲ್ಲಿ ಹಾಕಿಡಿ. ಕಲ್ಲು ಬಿದ್ದರೂ ಅದರೊಳಗೇ ಇರುತ್ತದೆ.

ಮಾರುವ ಅಂಗಡಿಯವರೆಲ್ಲ ರಿಪೇರಿ ಮಾಡುವವರಲ್ಲ. ಹಾಗಾಗಿ "ಈ ಕೆಲಸ ಇಲ್ಲೇ ಮಾಡ್ತೀರಾ, ಹೊರಗೆ ಕಳಿಸ್ತೀರಾ?" ಅಂತ ನೇರವಾಗಿ ಕೇಳಿ. ಕಲ್ಲು ಕೂರಿಸುವವರ ಜೊತೆಗೇ ಮಾತಾಡಲು ಬಿಟ್ಟರೆ ಅದು ಒಳ್ಳೆಯ ಸೂಚನೆ. ಒಳ್ಳೆಯ ಕೆಲಸಗಾರರು ಹತ್ತು ಪಟ್ಟು ದೊಡ್ಡದಾಗಿ ಕಾಣಿಸುವ ಲೂಪ್ (ಪುಟ್ಟ ಭೂತಗನ್ನಡಿ) ಹಿಡಿದು ಎಲ್ಲ ಕೊಕ್ಕೆಗಳನ್ನೂ ನೋಡುತ್ತಾರೆ, ನಿಮಗೂ ತೋರಿಸುತ್ತಾರೆ. ಒಂದು ಸವೆದಿದ್ದರೆ ಉಳಿದವೂ ಸವೆದಿರುವುದೇ ಜಾಸ್ತಿ. ಬರೀ ಬಾಗಿದ್ದರೆ ಒತ್ತಿ ಸರಿ ಮಾಡಬಹುದು. ತುದಿ ಸವೆದಿದ್ದರೆ ಬೆಸುಗೆ ಹಾಕಿ ಹೊಸ ಲೋಹ ಸೇರಿಸಬೇಕು. ನೋಡದೆಯೇ ಸುಮ್ನೆ "ಪೂರ್ತಿ ಬದಲಾಯಿಸಿ" ಅಂದವರಿಗೆ ನಾನಾದರೆ ಕೊಡುವುದಿಲ್ಲ.

ನಿಮ್ಮದು ಯಾವ ಕಲ್ಲು ಅಂತ ಬರೆದಿಲ್ಲ, ಅದು ಮುಖ್ಯ. ವಜ್ರ ಬೆಸುಗೆಯ ಬಿಸಿಯನ್ನು ಸಾಮಾನ್ಯವಾಗಿ ತಡೆಯುತ್ತದೆ. ಪಚ್ಚೆ, ಓಪಲ್, ಮುತ್ತು ತಡೆಯುವುದಿಲ್ಲ. ಅವಕ್ಕೆ ಕಲ್ಲು ಬಿಚ್ಚಿ ಕೆಲಸ ಮಾಡಬೇಕು, ಇಲ್ಲವೇ ಲೇಸರ್ ಬೆಸುಗೆ ಇರುವವರನ್ನು ಹುಡುಕಬೇಕು. ಲೇಸರ್‌ನಲ್ಲಿ ಬಿಸಿ ಒಂದು ಚುಕ್ಕಿಯಷ್ಟು ಜಾಗಕ್ಕೆ ಮಾತ್ರ ತಾಗುತ್ತದೆ. ಬಿಳಿ ಚಿನ್ನವಾದರೆ ಕೊನೆಗೆ ರೋಡಿಯಂ ಎಂಬ ಬಿಳಿ ಲೋಹದ ಲೇಪನವೂ ಬೇಕಾಗಬಹುದು, ಅದು ಖರ್ಚಿನಲ್ಲಿ ಸೇರಿದೆಯಾ ಕೇಳಿ.

ಕೊಡುವಾಗ ಹತ್ತಿರದಿಂದ ಫೋಟೋ ತೆಗೆಯಿರಿ. ತೂಕ, ಕಲ್ಲಿನ ಅಳತೆ, ಈಗಿರುವ ಗೀರುಗಳನ್ನೆಲ್ಲ ರಸೀದಿಯಲ್ಲಿ ಬರೆಸಿಕೊಳ್ಳಿ. ವಾಪಸ್ ಬಂದ ಮೇಲೆ ತೆಳುವಾದ ಬಟ್ಟೆಯ ಮೇಲೆ ಮೆಲ್ಲಗೆ ಎಳೆದು ನೋಡಿ. ನೂಲು ಸಿಕ್ಕಿಕೊಂಡರೆ ಕೊಕ್ಕೆ ಇನ್ನೂ ಸರಿಯಾಗಿ ಕೂತಿಲ್ಲ, ಅಲ್ಲೇ ವಾಪಸ್ ಕೊಡಿ.