ರಿಫಂಡ್ ಬಂದಿಲ್ಲವೇ? "ಯಾವಾಗ" ಬಿಟ್ಟು "ಎಲ್ಲಿ" ಎಂದು ಕೇಳಿ

ಜುಲೈನಲ್ಲೇ ಆದಾಯ ತೆರಿಗೆ ರಿಟರ್ನ್ ಹಾಕಿದ್ದೀರಿ. ಐದು ತಿಂಗಳಾದರೂ ರಿಫಂಡ್ ಬಂದಿಲ್ಲ. ಫೋನ್ ಮಾಡಿದರೆ ಎಲ್ಲರೂ "ಇನ್ನೂ ಸ್ವಲ್ಪ ಕಾಯಿರಿ" ಅನ್ನುತ್ತಾರೆ. ತಲೆ ಕೆಡುತ್ತಿದೆ, ಕಾಯಬೇಕೋ ಜಗಳ ಆಡಬೇಕೋ ಎಂದು ಕೇಳಿ ಬರೆದಿದ್ದೀರಿ. ನಾನು ಎರಡನ್ನೂ ಮಾಡಿದವನು. ಸುಮ್ಮನಿರಬಾರದಾಗ ಕಾದೆ, ಸಂಬಂಧ ಇಲ್ಲದವರ ಮೇಲೆ ರೇಗಾಡಿದೆ. ಅದಕ್ಕೇ ಉತ್ತರ ಸ್ವಲ್ಪ ಉದ್ದ. ಇನ್ನೊಂದು ಮಾತು, ನಾನು ಆಡಿಟರ್ ಅಲ್ಲ, ಸಂಬಳದ ಮನುಷ್ಯ.

ನನಗೆ ಬರಬೇಕಿದ್ದದ್ದು 38,000 ರೂಪಾಯಿ. ಬಾಡಿಗೆ ರಸೀದಿಗಳನ್ನು ಆಫೀಸಿಗೆ ಸಮಯಕ್ಕೆ ಸರಿಯಾಗಿ ಕೊಟ್ಟಿರಲಿಲ್ಲ. ಹಾಗಾಗಿ ಕೊನೆಯ ಮೂರು ತಿಂಗಳ ಸಂಬಳದಲ್ಲಿ ಟಿಡಿಎಸ್ (ಸಂಬಳ ಕೊಡುವಾಗಲೇ ಮುರಿದುಕೊಳ್ಳುವ ತೆರಿಗೆ) ಜಾಸ್ತಿ ಹಿಡಿದರು. ರಿಟರ್ನ್ ಹಾಕಿದರೆ ವಾಪಸ್ ಬರುತ್ತದಲ್ಲ ಎಂಬ ಧೈರ್ಯ. ಬರುವ ಮೊದಲೇ ಆ ದುಡ್ಡಿಗೆ ಮನೆಯಲ್ಲಿ ಮೂರು ಖರ್ಚು ಹೆಸರಿಟ್ಟು ಕೂತಿದ್ದವು. ಆಗಸ್ಟಿನಲ್ಲಿ ತೆರಿಗೆ ಇಲಾಖೆಯ ಪೋರ್ಟಲ್ ನೋಡಿದಾಗ "ಪ್ರೊಸೆಸ್ಡ್", ಅಂದರೆ ಲೆಕ್ಕ ನೋಡಿ ಮುಗಿದಿದೆ ಎಂದಿತ್ತು. ಸರಿ, ಇನ್ನೇನು ಬಂತು ಅಂದುಕೊಂಡೆ. ಸೆಪ್ಟೆಂಬರ್ ಹೋಯಿತು, ಅಕ್ಟೋಬರ್ ಹೋಯಿತು, ನವೆಂಬರೂ ಹೋಯಿತು. ಸಿಕ್ಕವರ ಹತ್ತಿರವೆಲ್ಲ ಸರ್ಕಾರವನ್ನು ಬೈದೆ. ಪೋರ್ಟಲ್ಲನ್ನು ಇನ್ನೊಂದು ಸಲ ತೆರೆದು ನೋಡಲಿಲ್ಲ.

ಡಿಸೆಂಬರಿನಲ್ಲಿ ಆಫೀಸಿನ ಗೆಳೆಯನೊಬ್ಬ ಕೇಳಿದ, "ದುಡ್ಡು ಈಗ ಎಲ್ಲಿದೆ?" ನನ್ನ ಹತ್ತಿರ ಉತ್ತರ ಇರಲಿಲ್ಲ. ಅಲ್ಲಿಯವರೆಗೆ ನಾನು ಕೇಳುತ್ತಿದ್ದದ್ದು "ಯಾವಾಗ ಬರುತ್ತೆ" ಅಂತ ಮಾತ್ರ.

ನೀವೂ ಮೊದಲು ಇದನ್ನೇ ನೋಡಿ. ಪೋರ್ಟಲ್ಲಿಗೆ ಲಾಗಿನ್ ಆಗಿ "ಇ-ಫೈಲ್" ಒಳಗೆ ಹಿಂದೆ ಹಾಕಿದ ರಿಟರ್ನ್‌ಗಳನ್ನು ತೋರಿಸುವ ಜಾಗಕ್ಕೆ ಹೋಗಿ. ನಿಮ್ಮ ರಿಟರ್ನ್ ಒಂದೊಂದೇ ಹಂತ ದಾಟಿದ ದಿನಾಂಕ ಅಲ್ಲಿರುತ್ತದೆ. ಮೊದಲ ಹಂತ ಇ-ವೆರಿಫಿಕೇಶನ್, ಅಂದರೆ ಈ ರಿಟರ್ನ್ ನನ್ನದೇ ಎಂದು ಆನ್‌ಲೈನಿನಲ್ಲಿ ಖಚಿತಪಡಿಸುವುದು. ರಿಟರ್ನ್ ಹಾಕಿ ಅದನ್ನು ಮರೆತುಬಿಡುವವರು ನಿಜಕ್ಕೂ ಇದ್ದಾರೆ. ಮೊದಲು ಅದಕ್ಕೆ 120 ದಿನ ಇತ್ತು, 2022ರ ಆಗಸ್ಟ್‌ನಿಂದ 30 ದಿನ ಮಾತ್ರ. ವೆರಿಫೈ ಆಗದ ರಿಟರ್ನನ್ನು ಯಾರೂ ಮುಟ್ಟುವುದಿಲ್ಲ, ಎಷ್ಟು ವರ್ಷ ಕಾದರೂ ಅಷ್ಟೇ.

ವೆರಿಫೈ ಆಗಿದೆ, ಆದರೆ ಪ್ರೊಸೆಸ್ ಆಗಿಲ್ಲ ಎಂದಿದ್ದರೆ ನಿಮ್ಮದು ತಡ, ಅಷ್ಟೇ. 1961ರ ಆದಾಯ ತೆರಿಗೆ ಕಾಯ್ದೆಯ 143(1)ನೇ ಸೆಕ್ಷನ್ ಪ್ರಕಾರ ಲೆಕ್ಕ ನೋಡಿ ತಿಳಿವಳಿಕೆ ಪತ್ರ ಕಳಿಸಲು ಇಲಾಖೆಗೆ ಸಮಯ ಇದೆ. ರಿಟರ್ನ್ ಹಾಕಿದ ಹಣಕಾಸು ವರ್ಷ ಮುಗಿದ ಮೇಲೆ ಒಂಬತ್ತು ತಿಂಗಳು. ಅಂದರೆ ಈ ಜುಲೈನಲ್ಲಿ ಹಾಕಿದ್ದಕ್ಕೆ ಮುಂದಿನ ವರ್ಷದ ಡಿಸೆಂಬರ್ 31ರವರೆಗೆ! ಹೆಚ್ಚಿನವರಿಗೆ ಅಷ್ಟು ದಿನ ಹಿಡಿಯುವುದಿಲ್ಲ. ಆದರೆ ಐದು ತಿಂಗಳಿಗೇ ಕಾನೂನು ಮುರಿದರು ಎಂದು ಜಗಳಕ್ಕೆ ನಿಂತರೆ ನಮ್ಮ ಕೈಯಲ್ಲಿ ಏನೂ ಇರುವುದಿಲ್ಲ. ಈ ಹಂತದಲ್ಲಿ ಒಂದು ಕೆಲಸ ಮಾತ್ರ ಮಾಡಿ. ನಿಮ್ಮ ಹೆಸರಿನಲ್ಲಿ ಹಿಡಿದ ತೆರಿಗೆ, ಬಂದ ಆದಾಯ ಇಲಾಖೆಯ ದಾಖಲೆಯಲ್ಲಿ ಹೇಗಿದೆ ಎಂದು ತೋರಿಸುವ 26ಎಎಸ್ ಮತ್ತು ಎಐಎಸ್ ಪಟ್ಟಿಗಳನ್ನು ತೆರೆದು, ನೀವು ತೋರಿಸಿದ ಟಿಡಿಎಸ್ ಅಲ್ಲಿರುವುದಕ್ಕೆ ತಾಳೆ ಆಗುತ್ತದೆಯೇ ನೋಡಿ. ಆಗದಿದ್ದರೆ ಮೊದಲು ಹೋಗಬೇಕಾದದ್ದು ಟಿಡಿಎಸ್ ಹಿಡಿದವರ ಹತ್ತಿರ.

ಪೋರ್ಟಲ್ಲಿನಲ್ಲೇ "ನಿಮಗಾಗಿ" ಎನ್ನುವ ತರಹ ಬಾಕಿ ಕೆಲಸಗಳ ಪಟ್ಟಿ ಇರುತ್ತದೆ. ಅದನ್ನೂ ನೋಡಿ. ರಿಟರ್ನಿನಲ್ಲಿ ದೋಷ ಇದೆ ಎಂಬ ನೋಟಿಸ್ ಬಂದಿದ್ದರೆ 15 ದಿನದಲ್ಲಿ ಉತ್ತರ ಕೊಡಬೇಕು. ಹಳೆಯ ವರ್ಷದ ಬಾಕಿ ಏನಾದರೂ ಇದ್ದರೆ ರಿಫಂಡನ್ನು ಅದಕ್ಕೆ ಮುರಿದುಕೊಳ್ಳುತ್ತೇವೆ ಎಂಬ ಪತ್ರವೂ ಬರುತ್ತದೆ. ಆ ಬಾಕಿ ನಿಮ್ಮದಲ್ಲದಿದ್ದರೆ ಅಲ್ಲೇ ಒಪ್ಪುವುದಿಲ್ಲ ಎಂದು ಹೇಳಬೇಕು. ಸುಮ್ನೆ ಇದ್ದರೆ ಒಪ್ಪಿದ ಹಾಗೆ. ಪ್ಯಾನ್ ಮತ್ತು ಆಧಾರ್ ಜೋಡಿಸದೆ ಪ್ಯಾನ್ ನಿಷ್ಕ್ರಿಯ ಆಗಿದ್ದರೂ ರಿಫಂಡ್ ನಿಲ್ಲುತ್ತದೆ.

ಇನ್ನು ಮೂರನೆಯದು, ನನಗಾದದ್ದು. ಪ್ರೊಸೆಸ್ ಆಗಿದೆ, ದುಡ್ಡು ಹೊರಟಿದೆ, ಆದರೆ ಮನೆ ಸೇರಿಲ್ಲ. ನನ್ನ ರಿಟರ್ನಿನ ಪಕ್ಕದಲ್ಲಿ "ರಿಫಂಡ್ ಫೇಲ್ಡ್" ಎಂದಿತ್ತು. ಸೆಪ್ಟೆಂಬರ್ ಮೊದಲ ವಾರದ್ದು! ಅದರ ಮೇಲ್ ಕೂಡ ಬಂದಿತ್ತು, ನಾನು ತೆಗೆದೇ ನೋಡದ ಹಳೆಯ ಮೇಲ್ ಐಡಿಗೆ. ಮೂರು ತಿಂಗಳು ನಾನು ಯಾರನ್ನು ಬೈಯುತ್ತಿದ್ದೆನೋ ಅವರು ಅಷ್ಟರಲ್ಲಿ ತಮ್ಮ ಕೆಲಸ ಮುಗಿಸಿಬಿಟ್ಟಿದ್ದರು.

2019ರ ಮಾರ್ಚ್‌ನಿಂದ ರಿಫಂಡ್ ನೇರವಾಗಿ ಬ್ಯಾಂಕ್ ಖಾತೆಗೆ ಮಾತ್ರ. ಆ ಖಾತೆಗೆ ಪ್ಯಾನ್ ಜೋಡಿಸಿರಬೇಕು, ಪೋರ್ಟಲ್ಲಿನಲ್ಲಿ ಮೊದಲೇ ವ್ಯಾಲಿಡೇಟ್ ಆಗಿರಬೇಕು, ಅಂದರೆ ಖಾತೆ ನಿಮ್ಮದೇ ಎಂದು ತಾಳೆ ಆಗಿರಬೇಕು. ನನ್ನ ಖಾತೆಯ ಮುಂದೆ ಹೆಸರು ಹೊಂದುವುದಿಲ್ಲ ಎಂಬ ಕಾರಣ ತೋರಿಸುತ್ತಿತ್ತು. ಹದಿನಾಲ್ಕು ವರ್ಷದಿಂದ ಸಂಬಳ ಬೀಳುತ್ತಿದ್ದ ಖಾತೆ. ಹೆಸರು ಹೊಂದದೆ ಏನು?

ಅಲ್ಲಿಂದ ಬ್ಯಾಂಕಿನ ಕಸ್ಟಮರ್ ಕೇರ್ ಪ್ರಕರಣ ಶುರು. ಯಾವ ಬ್ಯಾಂಕ್ ಅಂತ ಹೇಳುವುದಿಲ್ಲ. ಕನ್ನಡಕ್ಕೆ ಎರಡು ಒತ್ತಿ ಎಂದರು, ಒತ್ತಿದೆ. ಹಾಡು ಬಂತು. ಹನ್ನೆರಡು ನಿಮಿಷ ಹಾಡು. ಆಮೇಲೆ ಒಬ್ಬರು ಸಿಕ್ಕಿ, ಎಲ್ಲ ಕೇಳಿ, "ನಮ್ಮ ಕಡೆಯಿಂದ ಎಲ್ಲ ಸರಿ ಇದೆ ಸರ್, ತೆರಿಗೆಯವರನ್ನೇ ಕೇಳಿ" ಎಂದರು. ಎರಡನೇ ಸಲ ಸಿಕ್ಕವರು "24 ಗಂಟೆಯಲ್ಲಿ ಕಾಲ್ ಬರುತ್ತೆ" ಎಂದರು. ಮೂರನೇ ದಿನ ಕಾಲ್ ಬದಲು ಮೆಸೇಜ್ ಬಂತು, ನಿಮ್ಮ ದೂರನ್ನು ಬಗೆಹರಿಸಲಾಗಿದೆ ಅಂತ. ಏನು ಬಗೆಹರಿಯಿತು ಎಂದು ಕೇಳಲು ಮತ್ತೆ ಫೋನ್. ಮತ್ತೆ ಹುಟ್ಟಿದ ದಿನಾಂಕ, ಮತ್ತೆ ಮೊದಲಿಂದ ಕಥೆ. ಆ ಸಲ ನಾನು ಕೂಗಾಡಿದೆ. ಆ ಕಡೆಯ ಹುಡುಗ ಒಂದೂ ಎದುರು ಮಾತಾಡಲಿಲ್ಲ, ಮತ್ತೆ ಮತ್ತೆ "ಸಾರಿ ಸರ್" ಅಂದ. ಫೋನ್ ಇಟ್ಟ ಮೇಲೆ ಅರ್ಧ ಗಂಟೆ ನನಗೇ ಕಸಿವಿಸಿ. ಆ ಹುಡುಗನ ಕೈಯಲ್ಲಿ ಖಾತೆಯ ಒಂದು ಅಕ್ಷರ ಬದಲಿಸುವ ಅಧಿಕಾರವೂ ಇರಲಿಲ್ಲ. ಅವನ ಪರದೆಯ ಮೇಲೆ ಏನಿದೆಯೋ ಅದನ್ನು ಓದಿ ಹೇಳಬಹುದು, ಅಷ್ಟೇ.

ಯೋಚಿಸುತ್ತಾ ಕೂತಾಗ ಹೊಳೆದದ್ದು ಇದೇ. ಓದಿ ಹೇಳಬಲ್ಲವರಿಗೆ ಓದುವ ಕೆಲಸವನ್ನೇ ಕೊಡಬೇಕು, ಅಲ್ವಾ? ಮರುದಿನ ಫೋನ್ ಮಾಡಿ ಕಥೆ ಹೇಳಲೇ ಇಲ್ಲ. "ಮೇಡಂ, ನಿಮ್ಮಲ್ಲಿ ನನ್ನ ಹೆಸರು ಹೇಗೆ ದಾಖಲಾಗಿದೆ? ಒಂದೊಂದೇ ಅಕ್ಷರ ಓದಿ ಹೇಳ್ತೀರಾ?" ಎಂದು ಕೇಳಿದೆ. ಅವರು ಓದಿದರು. ಎರಡು ಇನಿಶಿಯಲ್, ಆಮೇಲೆ ನನ್ನ ಹೆಸರು. ಪ್ಯಾನ್ ಕಾರ್ಡ್ ಕೈಯಲ್ಲೇ ಇತ್ತು. ಅದರಲ್ಲಿ ಮೊದಲು ನನ್ನ ಹೆಸರು, ಆಮೇಲೆ ಅಪ್ಪನ ಹೆಸರು ಪೂರ್ತಿ, ಕೊನೆಗೆ ಊರಿನ ಹೆಸರು ಪೂರ್ತಿ. ಎರಡು ನಿಮಿಷದ ಕರೆ.

ನಮ್ಮಲ್ಲಿ ಇದು ಎಷ್ಟು ಜನರಿಗೆ ಕಾಡುತ್ತದೋ! ನಮ್ಮಂಥ ಎಷ್ಟೋ ಜನರಿಗೆ ಸರ್‌ನೇಮ್ ಎಂಬುದೇ ಇಲ್ಲ. ಊರಿನದ್ದೊಂದು ಅಕ್ಷರ, ಅಪ್ಪನದ್ದೊಂದು ಅಕ್ಷರ, ಮುಂದೆ ನಾವು. ಶಾಲೆಯ ಹಾಜರಿಯಲ್ಲಿ ಹಾಗೇ, ಮಾರ್ಕ್ಸ್ ಕಾರ್ಡಿನಲ್ಲಿ ಹಾಗೇ, ಪಾಸ್‌ಬುಕ್ಕಿನಲ್ಲೂ ಹಾಗೇ. ಪ್ಯಾನ್ ಅರ್ಜಿಯಲ್ಲಿ ಮಾತ್ರ ಇನಿಶಿಯಲ್ ನಡೆಯುವುದಿಲ್ಲ, ಬಿಡಿಸಿ ಬರೆಯಬೇಕು. ಬಿಡಿಸುವಾಗ ಒಬ್ಬರು ಅಪ್ಪನ ಹೆಸರು ಮುಂದೆ ಹಾಕುತ್ತಾರೆ, ಇನ್ನೊಬ್ಬರು ಹಿಂದೆ. ಮನುಷ್ಯರಿಗೆ ಎರಡೂ ಒಬ್ಬನೇ ಎಂದು ಗೊತ್ತಾಗುತ್ತದೆ. ಕಂಪ್ಯೂಟರಿಗೆ ಗೊತ್ತಾಗಬೇಕಲ್ಲ. ಹಾಗಾಗಿ ನಿಮ್ಮ ಪಾಸ್‌ಬುಕ್ ಮತ್ತು ಪ್ಯಾನ್ ಎರಡನ್ನೂ ಪಕ್ಕದಲ್ಲಿಟ್ಟು ಈಗಲೇ ಓದಿ.

ಹೆಸರು ಸರಿ ಮಾಡಿಸಲು ಬ್ರಾಂಚಿಗೇ ಹೋಗಬೇಕಾಯಿತು. ಒಂದು ಅರ್ಜಿ, ಪ್ಯಾನ್ ಜೆರಾಕ್ಸ್, ಆಧಾರ್ ಜೆರಾಕ್ಸ್, ಸಹಿ. "ಎರಡು ದಿನ" ಎಂದರು. ಹತ್ತು ದಿನ ಬಿಟ್ಟು ಹೋದರೆ ಅರ್ಜಿ ಅದೇ ಟ್ರೇಯಲ್ಲಿ ಮಲಗಿತ್ತು. ಅರ್ಜಿ ಕೊಟ್ಟದ್ದಕ್ಕೆ ಸೀಲ್ ಹಾಕಿದ ಪ್ರತಿ ಇಸಿದುಕೊಂಡಿರಲಿಲ್ಲ, ಅದು ನನ್ನ ದಡ್ಡತನ. ಎರಡನೇ ಸಲ ಇಸಿದುಕೊಂಡೆ. ಅದರ ಫೋಟೋ ಹಾಕಿ ಬ್ಯಾಂಕಿನ ದೂರು ವಿಭಾಗಕ್ಕೆ ಮೇಲ್ ಬರೆದೆ. ಐದೇ ಸಾಲು. ಯಾವ ದಿನ ಅರ್ಜಿ ಕೊಟ್ಟೆ, ಏನು ಬದಲಾಗಬೇಕು, ಹಿಂದಿನ ಎರಡು ದೂರುಗಳ ನಂಬರ್ ಏನು, ಯಾವ ದಿನಾಂಕದೊಳಗೆ ಉತ್ತರ ಬೇಕು. ಕೊನೆಯ ಸಾಲಿನಲ್ಲಿ, 30 ದಿನದಲ್ಲಿ ಆಗದಿದ್ದರೆ ಬ್ಯಾಂಕುಗಳ ಮೇಲಿನ ದೂರು ವಿಚಾರಿಸುವ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ಬರೆಯುತ್ತೇನೆ ಎಂದು. ಬೆದರಿಕೆ ಅಲ್ಲ, 2021ರಿಂದ ಇಡೀ ದೇಶಕ್ಕೆ ಒಂದೇ ಒಂಬುಡ್ಸ್‌ಮನ್ ವ್ಯವಸ್ಥೆ ಇದೆ. ಮೊದಲು ಬ್ಯಾಂಕಿಗೆ ಬರಹದಲ್ಲಿ ದೂರು ಕೊಟ್ಟು 30 ದಿನ ಕಾದಿರಬೇಕು, ಆಮೇಲೆ ಆನ್‌ಲೈನಿನಲ್ಲಿ ದೂರು ಹಾಕಬಹುದು. ಒಂದು ಪೈಸೆ ಖರ್ಚಿಲ್ಲ. ಫೋನಿನಲ್ಲಿ ಎಷ್ಟು ಕೂಗಿದರೂ ಆ 30 ದಿನದ ಲೆಕ್ಕ ಶುರುವಾಯಿತು ಎಂದು ತೋರಿಸಲು ನಿಮ್ಮ ಹತ್ತಿರ ಏನೂ ಉಳಿಯುವುದಿಲ್ಲ. ಮೇಲ್ ಹೋದ ನಾಲ್ಕನೇ ದಿನ ಹೆಸರು ಬದಲಾಯಿತು.

ನಿಮ್ಮ ರಿಫಂಡ್ ತೆರಿಗೆಯ ಕಡೆಯೇ ನಿಂತಿದ್ದರೂ ದಾರಿ ಬೇರೆ ಅಲ್ಲ. ಪೋರ್ಟಲ್ಲಿನಲ್ಲೇ ದೂರು ಹಾಕುವ ಭಾಗ ಇದೆ. ಅಲ್ಲಿ ಆಗದಿದ್ದರೆ ಸಾರ್ವಜನಿಕರು ದೂರು ಹಾಕುವ ಕೇಂದ್ರ ಸರ್ಕಾರದ ಜಾಲತಾಣ ಸಿಪಿಗ್ರಾಮ್ಸ್ ಇದೆ. ಅಲ್ಲಿನ ದೂರಿಗೆ 2024ರಲ್ಲಿ 21 ದಿನದ ಗಡುವು ಹಾಕಿದ್ದಾರೆ. ಕೋಪವನ್ನೆಲ್ಲ ಅಲ್ಲಿ ಬರೆಯಬೇಡಿ, ನಾಲ್ಕು ದಿನಾಂಕ ಬರೆಯಿರಿ.

ಹೆಸರು ಸರಿಯಾದ ಮೇಲೂ ದುಡ್ಡು ತಾನಾಗಿ ಬರುವುದಿಲ್ಲ, ಇದನ್ನು ಯಾರೂ ಹೇಳುವುದಿಲ್ಲ. ಪೋರ್ಟಲ್ಲಿನಲ್ಲಿ ಖಾತೆಯನ್ನು ಮತ್ತೆ ವ್ಯಾಲಿಡೇಟ್ ಮಾಡಬೇಕು. ರಿಫಂಡ್ ಇದೇ ಖಾತೆಗೆ ಬೇಕು ಎಂಬ ಗುಂಡಿ ಆನ್ ಆಗಿದೆಯೇ ನೋಡಬೇಕು. ಆಮೇಲೆ "ಸರ್ವಿಸಸ್" ಒಳಗೆ "ರಿಫಂಡ್ ರೀಇಶ್ಯೂ", ಅಂದರೆ ರಿಫಂಡ್ ಮತ್ತೆ ಕಳಿಸಿ ಎಂಬ ಕೋರಿಕೆ ಹಾಕಿ, ಅದನ್ನೂ ಇ-ವೆರಿಫೈ ಮಾಡಬೇಕು. ನನಗೆ ಕೋರಿಕೆ ಹಾಕಿದ ಹದಿನಾರನೇ ದಿನ ದುಡ್ಡು ಬಂತು.

ಈ ನಡುವೆ ಎಚ್ಚರ ಇರಲಿ. ನಿಮ್ಮ ರಿಫಂಡ್ ಮಂಜೂರಾಗಿದೆ, ಈ ಲಿಂಕ್ ಒತ್ತಿ ಖಾತೆಯ ವಿವರ ತುಂಬಿ ಎಂಬ ಮೆಸೇಜುಗಳು ಬರುತ್ತವೆ. ಕಾಯುತ್ತಾ ಕೂತವನಿಗೆ ಅದು ದೇವರು ಕಳಿಸಿದ ಹಾಗೆ ಕಾಣುತ್ತದೆ. ನಾನೇ ಒಂದು ಸಲ ಬೆರಳು ಇಟ್ಟು ತೆಗೆದೆ. ಇಲಾಖೆ ಪಿನ್, ಪಾಸ್‌ವರ್ಡ್, ಒಟಿಪಿ ಯಾವುದನ್ನೂ ಹೀಗೆ ಕೇಳುವುದಿಲ್ಲ.

ತಲೆ ಕೆಡುತ್ತಿದೆ ಎಂದಿರಲ್ಲ, ಅದಕ್ಕೆ ನನಗೆ ಉಪಯೋಗಕ್ಕೆ ಬಂದದ್ದು ಎರಡು. ದಿನಾ ಸ್ಟೇಟಸ್ ನೋಡುವುದು ಬಿಟ್ಟು ವಾರಕ್ಕೊಂದು ದಿನ ಗೊತ್ತು ಮಾಡಿಕೊಂಡೆ. ನೋಡಿದ್ದು, ಮಾತಾಡಿದ್ದು ಎಲ್ಲ ಒಂದು ಹಳೆಯ ನೋಟ್‌ಬುಕ್ಕಿನಲ್ಲಿ. ಉಳಿದ ಆರು ದಿನ ಅದರ ಗೊಡವೆಗೆ ಹೋಗುತ್ತಿರಲಿಲ್ಲ. ಮತ್ತೆ ಆ ದುಡ್ಡಿಗೆ ಹೆಸರಿಟ್ಟಿದ್ದ ಮೂರು ಖರ್ಚಿನಲ್ಲಿ ಒಂದನ್ನು ಬೇರೆ ಕಡೆಯಿಂದ ಹೊಂದಿಸಿ, ಎರಡನ್ನು ಕೈಬಿಟ್ಟೆವು. ದುಡ್ಡು ಬಂದಾಗ ನೋಡೋಣ ಎಂದು ಮನೆಯಲ್ಲಿ ಬಾಯಿಬಿಟ್ಟು ಹೇಳಿದ ದಿನವೇ ಅರ್ಧ ಭಾರ ಇಳಿಯಿತು.

ಬಡ್ಡಿ ಬರುತ್ತದೆಯೇ ಎಂದೂ ಕೊನೆಯಲ್ಲಿ ಕೇಳಿದ್ದೀರಿ. ಬರುತ್ತದೆ. ಗಡುವಿನೊಳಗೆ ರಿಟರ್ನ್ ಹಾಕಿದ್ದರೆ ಏಪ್ರಿಲ್ 1ರಿಂದ ತಿಂಗಳಿಗೆ ಅರ್ಧ ಪರ್ಸೆಂಟ್. ರಿಫಂಡ್ ಒಟ್ಟು ತೆರಿಗೆಯ ಹತ್ತು ಪರ್ಸೆಂಟಿಗಿಂತ ಕಡಿಮೆ ಇದ್ದರೆ ಇಲ್ಲ. ನಮ್ಮಿಂದಲೇ ಆದ ತಡಕ್ಕೂ ಇಲ್ಲ. ನನಗೆ ಏಪ್ರಿಲ್‌ನಿಂದ ಆಗಸ್ಟಿನವರೆಗೆ ಐದು ತಿಂಗಳಿಗೆ, ತಿಂಗಳಿಗೆ 190ರಂತೆ 950 ರೂಪಾಯಿ ಬಂತು. ಇನಿಶಿಯಲ್ ಮಾಡಿದ ರಾದ್ಧಾಂತದ ತಿಂಗಳುಗಳಿಗೆ ಸೊನ್ನೆ. ಮುಂದಿನ ವರ್ಷ ರಿಟರ್ನ್ ತುಂಬುವಾಗ ಎಐಎಸ್ ತೆರೆದರೆ ಆ 950 ಅಲ್ಲಿ ಕೂತು ನನ್ನನ್ನೇ ನೋಡುತ್ತಿತ್ತು. ಅದು ನನ್ನ ಆದಾಯವಂತೆ, ಅದಕ್ಕೂ ತೆರಿಗೆ ಕಟ್ಟಿದೆ.